ಕಾಗದ ಕೇಳದೆ ಸಹಿ ಹಾಕಬೇಡಿ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ಆರೋಗ್ಯದ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ನನಗೇ ನಗು ಬಂತು. ಆದರೆ ನಾಲ್ಕು ವರ್ಷಗಳಿಂದ ನೆರವು ಕೋರಿ ಬರುವ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕಂಡದ್ದನ್ನು ಹೇಳುವ ಮೊದಲು ನನ್ನದೇ ಒಂದು ವಿಷಯ ಹೇಳಿಬಿಡುತ್ತೇನೆ.

ನನಗೆ 52 ತುಂಬಿದಾಗ ಖಾಲಿ ಹೊಟ್ಟೆಯ ಸಕ್ಕರೆ 118 ಬಂತು. 126 ಮುಟ್ಟಿದರೆ ಕಾಯಿಲೆ, 100ರಿಂದ 125ರವರೆಗೆ ಎಚ್ಚರಿಕೆಯ ಗಂಟೆ ಎಂದರು ಡಾಕ್ಟರು. ದಿನಾ ನಡೆಯಿರಿ, ಅನ್ನ ಕಡಿಮೆ ಮಾಡಿ ಎಂದರು. ತಲೆ ಆಡಿಸಿ ಬಂದೆ. ಡೊಂಬಿವಲಿಯಿಂದ ಹೊರಟು, ಲೋಕಲ್‌ನಲ್ಲಿ ನಿಂತುಕೊಂಡೇ ಬಂದು, ರಾತ್ರಿ ಎಂಟೂವರೆಗೆ ಮನೆ ಸೇರುವವನು ಯಾವಾಗ ನಡೆಯುವುದು? ಅಪ್ಪನಿಗೆ ಸಕ್ಕರೆ ಇತ್ತು, ದೊಡ್ಡಪ್ಪನಿಗೂ ಇತ್ತು, ನನಗೆ ಬಾರದೆ ಇರುತ್ತದೆಯೇ? ಕುಚ್ಚಲಕ್ಕಿ ಅನ್ನ ತಿಂದು ಬೆಳೆದವನಿಗೆ ಪಥ್ಯ ಹಿಡಿಸುವುದುಂಟೇ? ಒಂದು ಸೋಮವಾರ ಶುರು ಮಾಡಿದೆ. ಗುರುವಾರ ಮಳೆ ಬಂತು. ‘ನನ್ನಿಂದ ಇದು ಆಗುವುದಲ್ಲ’ ಎಂದು ಅಲ್ಲಿಗೇ ಬಿಟ್ಟೆ. ಎರಡು ವರ್ಷದ ಮೇಲೆ ಸಕ್ಕರೆ 141 ಆಗಿತ್ತು.

ಆ ದಿನ ಮನೆಯಾಕೆ ಒಂದು ಮಾತು ಹೇಳಿದಳು. “ಊರವರ ಸಾಲದ ಅರ್ಜಿಗೆ ಹತ್ತು ಕಾಗದ ಕೇಳ್ತೀರಿ. ನಿಮ್ಮ ಮನಸ್ಸು ಹೇಳಿದ್ದಕ್ಕೆ ಮಾತ್ರ ಒಂದೂ ಕೇಳದೆ ಸಹಿ ಹಾಕ್ತೀರಲ್ಲ.”

ಮಾತು ಚುಚ್ಚಿತು. ಒಂದು ಹಾಳೆ ತೆಗೆದು ಎಡಕ್ಕೆ ಮನಸ್ಸಿನ ಮಾತು, ಬಲಕ್ಕೆ ಅದರ ಆಧಾರ ಎಂದು ಬರೆದೆ. ‘ಸಮಯವಿಲ್ಲ’ ಎಂಬುದಕ್ಕೆ ಆಧಾರ ಹುಡುಕಲು ಒಂದು ವಾರ ಗಂಟೆಗಳ ಲೆಕ್ಕ ಇಟ್ಟೆ. ಟಿ.ವಿ.ಯ ಲೆಕ್ಕ ಇಲ್ಲಿ ಹೇಳುವುದಿಲ್ಲ, ಮನೆಯಾಕೆ ಎದುರಲ್ಲೇ ಕುಳಿತಿದ್ದಾಳೆ! ಆದರೆ ಸಿ.ಎಸ್.ಟಿ. ಸ್ಟೇಷನ್ನಿನಿಂದ ನರಿಮನ್ ಪಾಯಿಂಟಿಗೆ ನಾನು ದಿನಾ ಶೇರ್ ಟ್ಯಾಕ್ಸಿಗೆ ಕ್ಯೂ ನಿಲ್ಲುತ್ತಿದ್ದೆ. ನಡೆದರೆ ಅರ್ಧ ಗಂಟೆ. ವಾರಕ್ಕೆ ಐದು ದಿನ ಬೆಳಿಗ್ಗೆ ಮಾತ್ರ ನಡೆದರೂ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ ಇಷ್ಟು ಬೇಕು ಎನ್ನುವುದೂ ಇದನ್ನೇ.

‘ವಂಶದಲ್ಲೇ ಇದೆ’ ಎಂಬ ಸಾಲಿಗೆ ಅರ್ಧ ಆಧಾರವಿತ್ತು. ತಂದೆಗೆ ಇದ್ದರೆ ಮಗನಿಗೆ ಬರುವ ಸಂಭವ ಹೆಚ್ಚು, ನಿಜ. ಆದರೆ ಬಂದೇ ತೀರುತ್ತದೆ ಎಂಬುದಕ್ಕೆ ಕಾಗದವಿಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಭಾರತೀಯರ ಮೇಲೆಯೇ ಅಧ್ಯಯನ ನಡೆಸಿ 2006ರಲ್ಲಿ ಪ್ರಕಟಿಸಿತು. ಸುಮಾರು ಮೂರು ವರ್ಷದಲ್ಲಿ, ಸಾಮಾನ್ಯ ಸಲಹೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39 ಮಂದಿಗೆ. ಬದಲಿಸಿಕೊಂಡವರಿಗೂ ಬಂತು ಎಂದು ನೀವು ಹೇಳಬಹುದು. ನಾನು ಲೆಕ್ಕದವನು, ಆ ಹದಿನಾರು ಮಂದಿಯನ್ನು ನೋಡುತ್ತೇನೆ.

ಮನೆಯಾಕೆ ಹೇಳಿದ್ದಕ್ಕೆ ಒಂದು ಶಾಸ್ತ್ರವೇ ಇದೆ ಎಂದು ಆಮೇಲೆ ಮಗಳಿಂದ ತಿಳಿಯಿತು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಾ, ತಾನಾಗಿ ನುಗ್ಗಿ ಬರುವ ಇಂಥ ಯೋಚನೆಗಳನ್ನು ಗುರುತಿಸಿ, ಅವು ನಿಜವೇ ಎಂದು ರೋಗಿಯೇ ಪರೀಕ್ಷಿಸುವ ಕ್ರಮ ರೂಪಿಸಿದರಂತೆ. ‘ಎಲ್ಲ ಸರಿಹೋಗುತ್ತದೆ’ ಎಂದು ಜಪಿಸುವುದಲ್ಲ ಇದು. ಆ ಮಾತಿಗೂ ಕಾಗದ ಇರುವುದಿಲ್ಲ. ನನಗೀಗ ಮಾತ್ರೆ ಇದೆ, ನಡಿಗೆಯೂ ಇದೆ. ವಾರದಲ್ಲಿ ಒಂದೆರಡು ದಿನ ತಪ್ಪುತ್ತದೆ. ತಪ್ಪಿದ ದಿನವನ್ನು ತಪ್ಪಿದ ದಿನ ಎಂದೇ ಬರೆದು ಮರುದಿನ ಹೊರಡುತ್ತೇನೆ.

ಇನ್ನು ಅರ್ಜಿಗಳ ವಿಷಯ. ಹೋದ ವರ್ಷ ಡಯಾಲಿಸಿಸ್‌ಗೆ ನೆರವು ಕೇಳಿ ಒಬ್ಬರು ಬಂದರು. ಹೆಸರು ಹೇಳುವುದಿಲ್ಲ. ಹುಡುಗನಾಗಿರುವಾಗಲೇ ಊರು ಬಿಟ್ಟು ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಗಲ್ಲಾದವರೆಗೆ ಏರಿದವರು. ಹನ್ನೊಂದು ವರ್ಷದ ಹಿಂದೆ ಯಾವುದೋ ಶಿಬಿರದಲ್ಲಿ ಸಕ್ಕರೆ ಇದೆ ಎಂದಿದ್ದರಂತೆ. ಮತ್ತೆ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. “ಗೊತ್ತಾದರೆ ಖರ್ಚಲ್ಲವಾ ಸಾರ್. ಗೊತ್ತಿಲ್ಲದಿದ್ದರೆ ಕೆಲಸ ನಡೀತಿತ್ತು” ಎಂದರು. ಹೆಚ್ಚಿನ ಸಕ್ಕರೆ ವರ್ಷಗಟ್ಟಲೆ ಉಳಿದರೆ ಮೂತ್ರಪಿಂಡದ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ನೋವೇ ಇಲ್ಲದೆ. ಕಾಲು ಬಾತಾಗ ಅವರು ಹೋದರು. ಅಷ್ಟರಲ್ಲಿ ಕಾಲ ಮೀರಿತ್ತು.

ಇವರಿಗೆ ‘ನಕಾರಾತ್ಮಕ ಯೋಚನೆ ಬಿಡಿ’ ಎಂದು ಭಾಷಣ ಮಾಡಲು ನನಗೆ ನಾಲಿಗೆ ಬರುವುದಿಲ್ಲ. ನನ್ನ ನೆಪಗಳಿಗೆ ಕಾಗದವಿರಲಿಲ್ಲ. ಅವರ ಮಾತಿಗೆ ಇತ್ತು: ಒಂದು ದಿನ ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುತ್ತಿತ್ತು. ಅಂಥ ಯೋಚನೆ ಬದಲಾಗಬೇಕಾದರೆ ಮೊದಲು ಅದರ ಕಾರಣ ಬದಲಾಗಬೇಕು.

ಅದಕ್ಕೇ ಸಮಿತಿಯಲ್ಲಿ ನಾನು ಹಟ ಹಿಡಿದಿದ್ದೇನೆ. ಈಗಾಗಲೇ ಕಾಯಿಲೆ ಬಿದ್ದವರಿಗೇ ನಿಧಿ ಸಾಲದು, ತಪಾಸಣೆಗೆ ಎಲ್ಲಿಂದ ತರುವುದು ಎಂದು ಕೆಲವು ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಡಯಾಲಿಸಿಸ್‌ನ ಒಂದು ರೂಪಾಯಿಯನ್ನೂ ನಾನು ಕೇಳುತ್ತಿಲ್ಲ, ಬೇರೆಯೇ ದೇಣಿಗೆ ಕೇಳುತ್ತಿದ್ದೇನೆ. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ತುಸು ಬಿಡುವು. ಆ ಹೊತ್ತಿಗೆ ನಾವೇ ಅವರಲ್ಲಿಗೆ ಹೋಗಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಜೊತೆಗೆ ಬಿ.ಪಿ., ಮೂತ್ರ ಪರೀಕ್ಷೆ. ರಜೆ ಬೇಡ, ಖರ್ಚು ಬೇಡ. ಸಕ್ಕರೆ ಇದೆ ಎಂದು ತಿಳಿದವರ ಮೊದಲ ಆರು ತಿಂಗಳ ಮಾತ್ರೆಯ ಹೊಣೆ ಸಂಘದ್ದು. ಇಲ್ಲದಿದ್ದರೆ ‘ಗೊತ್ತಾದರೆ ಖರ್ಚು’ ಎಂಬ ಮಾತು ಹಾಗೆಯೇ ಉಳಿಯುತ್ತದೆ.

ಬಾಗಿಲ ಬಳಿಯ ಮೇಜಿನಲ್ಲಿ ದೇಣಿಗೆಯ ಫಾರಂ ಇದೆ. ಅದರಲ್ಲಿ ‘ತಪಾಸಣೆಗಾಗಿ’ ಎಂಬ ಹೊಸ ಕಾಲಂ ಸೇರಿಸಿದ್ದೇವೆ, ದಯವಿಟ್ಟು ನೋಡಿ. ನಿಮ್ಮ ಓಣಿಯ ಹೋಟೆಲು ಅಥವಾ ಕ್ಯಾಂಟೀನಿನ ಹೆಸರನ್ನು ಹಿಂಬದಿಯಲ್ಲಿ ಬರೆದುಕೊಟ್ಟರೆ ಅಲ್ಲಿಗೆ ಹೋಗುವ ಕೆಲಸ ನಮ್ಮದು.