ಈ ಕುರ್ಚಿ ಎಲ್ಲರದ್ದಾ?

ಭಾನುವಾರವಿಡೀ ಮನೆಮಂದಿಯ ಜೊತೆ ಸುತ್ತಾಡಿ ದಣಿದವರಿಗೆ ಸಂಜೆ ಸಲೂನ್ ಕುರ್ಚಿಯಷ್ಟು ಸುಖ ಬೇರೆಲ್ಲಿದೆ ಹೇಳಿ? ಬಿಸಿನೀರು, ಬ್ರಷ್ಷಿನಿಂದ ಎಬ್ಬಿಸಿದ ನೊರೆ, ಕಣ್ಣೆದುರೇ ಹಾಕಿದ ಹೊಸ ಬ್ಲೇಡು. ಮೊದಲು ಕೂದಲು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಕೊನೆಗೆ ಪಟಿಕದ ಉರಿ. ಆ ಉರಿ ಇಲ್ಲದಿದ್ರೆ ನನಗಂತೂ ಶೇವಿಂಗ್ ಆದ ಹಾಗೇ ಅನ್ನಿಸಲ್ಲ!

ಆದ್ರೆ ಸ್ವಾಮಿ, ನಮ್ಮದೇ ರಾಜ್ಯದ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಈ ಕುರ್ಚಿ ಇವತ್ತಿಗೂ ಇಲ್ಲ. ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ 1950ರಿಂದಲೇ ಜಾರಿಯಲ್ಲಿದೆ. ಸುದ್ದಿಯಾದಾಗ ಕ್ಷೌರಿಕನ ಮೇಲೆ ಕೇಸು ಬೀಳುತ್ತೆ. ‘ಅವರಿಗೆ ಮಾಡಿದ್ರೆ ನಾವು ಬರಲ್ಲ’ ಅಂತ ಅವನನ್ನು ಹೆದರಿಸಿದ ಊರ ದೊಡ್ಡಮನುಷ್ಯರ ಹೆಸರು ಎಫ್‌ಐಆರ್‌ನಲ್ಲಿ ಇರುತ್ತಾ?