ಗಣಕಚಿತ್ರದ ಪದರುಗಳನ್ನು ಉಳಿಸಿಕೊಳ್ಳುವ ಬಗೆ



ಉರ್ದು, ಕನ್ನಡ ಕಲಿಸುವ ಮಾಸ್ತರರಿಗೆ ಗಣಕಚಿತ್ರದ ಉಸಾಬರಿ ಏಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಮಕ್ಕಳಲ್ಲಿ ಹಲವರು ಬ್ಲೆಂಡರ್ ಎಂಬ ತಂತ್ರಾಂಶ ಕಲಿಯುತ್ತಿದ್ದಾರೆ. 2002ರಿಂದ ಅದು ಮುಕ್ತ ತಂತ್ರಾಂಶ, ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಆದರೆ ಅದರ ವಿವರಣೆಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲಿವೆ. ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವುದು ಭಾಷಾ ಶಿಕ್ಷಕರ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಉದಾಹರಣೆಗೆ ದೂರ ಹೋಗುವುದು ಬೇಡ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನೇ ತೆಗೆದುಕೊಳ್ಳೋಣ. 1367ರಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಿದ್ದು. ಬೇರೆ ದೊಡ್ಡ ಮಸೀದಿಗಳಂತೆ ಇದಕ್ಕೆ ತೆರೆದ ಅಂಗಳವಿಲ್ಲ. ಪೂರ್ತಿ ಛಾವಣಿ ಹೊದ್ದ ಕಟ್ಟಡ. ಮಿಹ್ರಾಬಿನ ಮುಂದೆ ಒಂದು ದೊಡ್ಡ ಗುಮ್ಮಟ, ಮೂಲೆಗಳಲ್ಲಿ ನಾಲ್ಕು, ನಡುವೆ ಸಾಲು ಸಾಲು ಚಿಕ್ಕ ಗುಮ್ಮಟಗಳು. ಬೆಳಕು ಬಹುಮಟ್ಟಿಗೆ ಬದಿಯ ಕಮಾನುಗಳಿಂದ ಒಳಗೆ ಬಂದು ನೆಲಕ್ಕೆ ತಾಗಿ, ಗೋಡೆಗೆ ತಾಗಿ, ಮತ್ತೆ ಛಾವಣಿಗೆ ತಾಗಿ ಹರಡುತ್ತದೆ.

ಈ ಒಳಾಂಗಣವನ್ನು ಒಬ್ಬ ವಿದ್ಯಾರ್ಥಿ ಬ್ಲೆಂಡರಿನಲ್ಲಿ ರಚಿಸಿದ ಎನ್ನಿ. ಬೆಳಕು ಎಲ್ಲಿ ಎಷ್ಟು ಬೀಳುತ್ತದೆ ಎಂದು ಯಂತ್ರ ಲೆಕ್ಕ ಹಾಕಿ ಚಿತ್ರವನ್ನು ತೆಗೆಯುವುದಕ್ಕೆ ರೆಂಡರ್ ಎನ್ನುತ್ತಾರೆ. ಹೀಗೆ ತಾಗಿ ತಾಗಿ ಹರಡುವ ಬೆಳಕನ್ನು ಲೆಕ್ಕ ಹಾಕುವುದೇ ಯಂತ್ರಕ್ಕೆ ಅತಿ ಭಾರದ ಕೆಲಸ. ನಮ್ಮ ಮನೆಗಳಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಒಂದು ಚಿತ್ರಕ್ಕೆ ಹತ್ತು ನಿಮಿಷ ಹಿಡಿದರೂ, ಸೆಕೆಂಡಿಗೆ 24ರಂತೆ ಹತ್ತು ಸೆಕೆಂಡಿಗೆ 240 ಚಿತ್ರ, ಅಂದರೆ 40 ಗಂಟೆ. ಅಷ್ಟಾದ ಮೇಲೆ ನೆಲ ಸ್ವಲ್ಪ ಹೆಚ್ಚು ಹೊಳೆಯುತ್ತಿದೆ, ಕಂಬಗಳು ಮಂಕಾಗಿವೆ ಎಂದು ಯಾರಾದರೂ ಹೇಳಿದರೆ ಆ ಹುಡುಗ ಏನು ಮಾಡಬೇಕು? ಚಿತ್ರವನ್ನು ಜೆಪೆಗ್ ಆಗಿ ಉಳಿಸಿದ್ದರೆ ಮತ್ತೆ 40 ಗಂಟೆ. ಪದರು ಪದರಾಗಿ ಉಳಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ.

ನಮ್ಮ ಊರಿನ ಊಟದಿಂದ ಹೇಳುವುದಾದರೆ, ಜೆಪೆಗ್ ಎಂದರೆ ತಹಾರಿ. ಅಕ್ಕಿ, ಮಾಂಸ, ಮಸಾಲೆ ಒಂದೇ ಪಾತ್ರೆಯಲ್ಲಿ ಬೆಂದಿವೆ. ಉಪ್ಪು ಹೆಚ್ಚಾದರೆ ಇಡೀ ಪಾತ್ರೆಗೇ ಹೆಚ್ಚು. ಪದರಿನ ಕಡತ ಎಂದರೆ ಖಿಚಡಿ, ಖೀಮಾ, ಖಟ್ಟಾ. ಮೂರೂ ಬೇರೆ ಬೇರೆ ಬಟ್ಟಲಲ್ಲಿ ಬರುತ್ತವೆ, ತಟ್ಟೆಯಲ್ಲಿ ಎಷ್ಟು ಬೆರೆಸಬೇಕೆಂಬುದು ನಿಮ್ಮ ಕೈಯಲ್ಲಿದೆ. ಹೀಗೆ ಬೆರೆಸುವ ಕೆಲಸಕ್ಕೇ ಕಂಪೋಸಿಟಿಂಗ್ ಎಂದು ಹೆಸರು.

ಬಟ್ಟಲುಗಳಲ್ಲಿ ಏನೇನಿರುತ್ತದೆ? ಬ್ಲೆಂಡರಿನ ಸೈಕಲ್ಸ್ ಎಂಬ ರೆಂಡರ್ ಯಂತ್ರ ವಸ್ತುವಿನ ಸ್ವಂತ ಬಣ್ಣ, ಅದರ ಮೇಲೆ ನೇರವಾಗಿ ಬಿದ್ದ ಬೆಳಕು, ಬೇರೆಡೆಯಿಂದ ತಾಗಿ ಬಂದ ಬೆಳಕು, ಹೊಳಪು, ಕ್ಯಾಮೆರಾದಿಂದ ಇರುವ ದೂರ ಇವೆಲ್ಲವನ್ನೂ ಬೇರೆ ಬೇರೆಯಾಗಿ ಕೊಡಬಲ್ಲದು. ಇವುಗಳಿಗೆ ಪಾಸ್ ಎನ್ನುತ್ತಾರೆ. ವ್ಯೂ ಲೇಯರ್ ಎಂಬ ವಿಭಾಗದಲ್ಲಿ ಬೇಕಾದವುಗಳಿಗೆ ಗುರುತು ಹಾಕಬೇಕು, ಅದೂ ರೆಂಡರ್ ಒತ್ತುವ ಮೊದಲೇ. ಮರಳಿ ಕೂಡಿಸುವ ಲೆಕ್ಕ ಸರಳ. ನೇರ ಬೆಳಕಿಗೆ ತಾಗಿ ಬಂದ ಬೆಳಕನ್ನು ಕೂಡಿಸಿ ಬಣ್ಣದಿಂದ ಗುಣಿಸಿ. ಹೊಳಪಿಗೂ ಪಾರದರ್ಶಕ ವಸ್ತುಗಳಿಗೂ ಹೀಗೆಯೇ ಮಾಡಿ. ಎಲ್ಲವನ್ನೂ ಕೂಡಿ, ದೀಪಗಳ ಸ್ವಂತ ಬೆಳಕನ್ನೂ ಹಿನ್ನೆಲೆಯ ಆಕಾಶವನ್ನೂ ಸೇರಿಸಿದರೆ ಮೂಲ ಚಿತ್ರ ಬರುತ್ತದೆ. ನಡುವೆ ಹೊಳಪನ್ನು ಅರ್ಧಕ್ಕೆ ಇಳಿಸಿದರೆ ನೆಲದ ಮಿಂಚು ತಗ್ಗಿತು. ಏಳನೆಯ ತರಗತಿಯ ಗಣಿತ ಸಾಕು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು 2022ರಲ್ಲಿ ಬ್ಲೆಂಡರ್ 3.2ರ ಜೊತೆ ಬಂದ ಲೈಟ್ ಗ್ರೂಪ್. ಕಮಾನಿನಿಂದ ಬರುವ ಬಿಸಿಲನ್ನು ಒಂದು ಗುಂಪಿಗೆ, ಒಳಗಿನ ದೀಪಗಳನ್ನು ಇನ್ನೊಂದು ಗುಂಪಿಗೆ ಹಾಕಿದರೆ ಎರಡರ ಬೆಳಕೂ ಬೇರೆ ಪದರಿನಲ್ಲಿ ಉಳಿಯುತ್ತದೆ. ಬಿಸಿಲು ತಗ್ಗಿಸಿ ದೀಪ ಏರಿಸಿದರೆ ಝುಹರ್ ಹೊತ್ತಿನ ಮಸೀದಿ ಮಗ್ರಿಬ್ ಹೊತ್ತಿನದಾಗುತ್ತದೆ, ಹೊಸದಾಗಿ ರೆಂಡರ್ ಮಾಡಬೇಕಾಗಿಲ್ಲ. ಕಂಬಗಳನ್ನಷ್ಟೇ ಆರಿಸಿ ತಿದ್ದಲು ಕ್ರಿಪ್ಟೋಮ್ಯಾಟ್ ಎಂಬ ಇನ್ನೊಂದು ಪದರಿದೆ. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ.

ಇವನ್ನೆಲ್ಲ ಒಂದೇ ಕಡತದಲ್ಲಿ ಹಿಡಿದಿಡುವುದು ಓಪನ್ ಇಎಕ್ಸ್‌ಆರ್ ಮಲ್ಟಿಲೇಯರ್. ಓಪನ್ ಇಎಕ್ಸ್‌ಆರ್ ಅನ್ನು ಅಮೆರಿಕದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ತನ್ನ ಚಲನಚಿತ್ರಗಳ ಕೆಲಸಕ್ಕಾಗಿ ರೂಪಿಸಿ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಮಸೀದಿಯ ಕತ್ತಲ ಮೂಲೆಯನ್ನು ಬೆಳಗಿಸಲು ಹೋದರೆ ಪಟ್ಟಿ ಪಟ್ಟಿ ಕಾಣುತ್ತದೆ, ಕಮಾನಿನಾಚೆಯ ಆಕಾಶ ಬರೀ ಬಿಳಿಯಾಗಿ ಸತ್ತಿರುತ್ತದೆ. ಇಎಕ್ಸ್‌ಆರ್‌ನಲ್ಲಿ ಬಿಳಿಗಿಂತ ಹೆಚ್ಚಿನ ಹೊಳಪಿನ ಅಂಕಿಯೂ ಉಳಿದಿರುವುದರಿಂದ ಆಕಾಶವನ್ನು ಮರಳಿ ತರಬಹುದು.

ಔಟ್‌ಪುಟ್ ವಿಭಾಗದಲ್ಲಿ ಈ ನಮೂನೆಯನ್ನು ಆರಿಸಬೇಕು; ಆವೃತ್ತಿಗೆ ತಕ್ಕಂತೆ ಅದು ಕಾಣುವ ಜಾಗ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯ ಬಣ್ಣದ ಪದರುಗಳಿಗೆ 16 ಬಿಟ್ ಸಾಕು, ಕ್ರಿಪ್ಟೋಮ್ಯಾಟ್ ಇದ್ದರೆ 32 ಬಿಟ್ ಇಡಿ. ಕುಗ್ಗಿಸುವ ವಿಧಾನಕ್ಕೆ ಜಿಪ್ ಆರಿಸಿ, ಏಕೆಂದರೆ ಅದು ಏನನ್ನೂ ಕಳೆಯುವುದಿಲ್ಲ. ಡಿಡಬ್ಲ್ಯುಎಎ ಕಡತವನ್ನು ಚಿಕ್ಕದಾಗಿಸುತ್ತದೆ, ಆದರೆ ಅಂಕಿಗಳನ್ನು ಸ್ವಲ್ಪ ಬದಲಿಸುತ್ತದೆ. ಬಣ್ಣ ಸ್ವಲ್ಪ ಬದಲಾದರೆ ಕಣ್ಣಿಗೆ ಕಾಣದು, ಗುರುತಿನ ಸಂಖ್ಯೆ ಬದಲಾದರೆ ಕಂಬ ಕಂಬವಾಗಿ ಉಳಿಯದು. ಇಎಕ್ಸ್‌ಆರ್ ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದಾಗ ಬಣ್ಣ ಬೇರೆಯಾಗಿ ಕಂಡರೆ ಗಾಬರಿ ಬೇಡ. ಬ್ಲೆಂಡರ್ ಪರದೆಯ ಮೇಲೆ ತೋರಿಸುವಾಗ ಹಚ್ಚುವ ಬಣ್ಣದ ಮೆರುಗು ಕಡತದೊಳಗೆ ಹೋಗಿರುವುದಿಲ್ಲ, ಅಷ್ಟೆ. ಹಾಗೆಯೇ ಹೊರಾಂಗಣದ ಚಿತ್ರದಲ್ಲಿ ಹಿನ್ನೆಲೆ ಪಾರದರ್ಶಕವಾಗಿದ್ದು ಗುಮ್ಮಟದ ಅಂಚಿಗೆ ಕಪ್ಪು ಗೆರೆ ಬಂದರೆ, ಆ ತಂತ್ರಾಂಶ ಆಲ್ಫಾವನ್ನು ತಪ್ಪಾಗಿ ಓದಿರಬಹುದು. ಇಎಕ್ಸ್‌ಆರ್‌ನಲ್ಲಿ ಬಣ್ಣ ಆಲ್ಫಾದಿಂದ ಗುಣಿಸಿಯೇ ಇರುತ್ತದೆ, ಪಿಎನ್‌ಜಿಯಲ್ಲಿ ಹಾಗಿರುವುದಿಲ್ಲ. ಆ ಸೆಟ್ಟಿಂಗ್ ಬದಲಿಸಿ ನೋಡಿ.

ಇದಕ್ಕೂ ಮಿತಿ ಇದೆ. ಕ್ಯಾಮೆರಾದ ಕೋನ, ಕಮಾನಿನ ಆಕಾರ, ನೆರಳು ಬಿದ್ದ ಜಾಗ ಇವು ಆಮೇಲೆ ಬದಲಾಗುವುದಿಲ್ಲ. ಜಾಗವೂ ತಿನ್ನುತ್ತದೆ. 1920 ಅಡ್ಡ, 1080 ಉದ್ದದ ಚಿತ್ರದಲ್ಲಿ ಒಂದು ಬಣ್ಣದ ಪದರಿಗೆ 16 ಬಿಟ್‌ನಲ್ಲಿ ಕುಗ್ಗಿಸುವ ಮೊದಲು ಸುಮಾರು 12 ಮೆಗಾಬೈಟ್. ಹತ್ತು ಪದರು, 240 ಚಿತ್ರ ಎಂದರೆ 30 ಗಿಗಾಬೈಟ್ ಹತ್ತಿರ. ಆದ್ದರಿಂದ ಕಂಡ ಗುರುತನ್ನೆಲ್ಲ ಒತ್ತಬೇಡಿ. ಏನನ್ನು ತಿದ್ದಬೇಕಾದೀತು ಎಂದು ಮೊದಲು ಕಾಗದದ ಮೇಲೆ ಬರೆಯಿರಿ.

ಚಲಿಸುವ ಚಿತ್ರವಾದರೆ ನೇರವಾಗಿ ವಿಡಿಯೋ ಕಡತಕ್ಕೆ ರೆಂಡರ್ ಮಾಡಲೇಬೇಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವವರಾರು? 180ನೆಯ ಚಿತ್ರದಲ್ಲಿ ಹೋದರೆ ಇಡೀ ವಿಡಿಯೋ ಕೆಟ್ಟು ಕೂರಬಹುದು. ಬಿಡಿ ಚಿತ್ರಗಳಾಗಿದ್ದರೆ 179 ಭದ್ರ, ಮುಂದಿನದರಿಂದ ಆರಂಭಿಸಿದರಾಯಿತು.

ಶೀರ್ಷಿಕೆಯ ವಿಷಯದಲ್ಲಿ ನನ್ನ ಹಟ ಒಂದಿದೆ. ಉರ್ದು ಮತ್ತು ಕನ್ನಡ ಅಕ್ಷರಗಳನ್ನು ರೆಂಡರಿನೊಳಗೆ ಸೇರಿಸಬೇಡಿ. ಒತ್ತಕ್ಷರವನ್ನೂ ನಸ್ತಾಲೀಖಿನ ಜೋಡಣೆಯನ್ನೂ ಸರಿಯಾಗಿ ಕೂಡಿಸುವ ಇಂಕ್‌ಸ್ಕೇಪ್‌ನಂತಹ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಬರೆದು ಮೇಲಿನ ಪದರಾಗಿ ಇಡಿ. ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೆ ರೇಖೆಗಳಾಗಿ ಬದಲಿಸಿದ ಒಂದು ಪ್ರತಿ ಕೊಡಿ, ಆದರೆ ಅಕ್ಷರವಾಗಿಯೇ ಇರುವ ಮೂಲ ಪ್ರತಿ ನಿಮ್ಮಲ್ಲಿರಲಿ. ಒಂದು ನುಕ್ತೆ ತಪ್ಪಿದರೂ ಪದವೇ ಬದಲಾಗುವ ಲಿಪಿ ನಮ್ಮದು.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಪಾಲಕರು ಕೇಳುತ್ತಾರೆ, ಕೇಳಬೇಕಾದ್ದೇ. ಬೆಂಗಳೂರಿನ ಎಂಪಿಸಿ ಶಾಖೆಯ ಕಲಾವಿದರು 2016ರ ದಿ ಜಂಗಲ್ ಬುಕ್ ಚಿತ್ರಕ್ಕೆ ಕೆಲಸ ಮಾಡಿದ್ದರು. ಆ ಚಿತ್ರಕ್ಕೆ ದೃಶ್ಯ ಪರಿಣಾಮದ ಆಸ್ಕರ್ ಬಂತು. ಅದೇ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಬೆಂಗಳೂರಿನಲ್ಲಿ ಬಹಳ ಜನ ಕೆಲಸ ಕಳೆದುಕೊಂಡರು. ಎರಡೂ ನಿಜ. ಸಾಲ ಮಾಡಿ ದೊಡ್ಡ ಶುಲ್ಕದ ಕೋರ್ಸಿಗೆ ಸೇರಿಸುವ ಮೊದಲು, ಮನೆಯ ಯಂತ್ರದಲ್ಲಿ ಮಗು ಒಂದು ಚಿತ್ರವನ್ನು ಪದರು ಪದರಾಗಿ ಮಾಡಿ ಮುಗಿಸಲಿ. ಆ ಕಡತಗಳನ್ನು ನೋಡಿದರೆ ಅದರ ಕೈ ಎಷ್ಟು ಪಳಗಿದೆ ಎಂಬುದು ಬಲ್ಲವರಿಗೆ ತಿಳಿಯುತ್ತದೆ.

ಈಗ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಸಿದ್ಧವಿದೆ, ಮಸೀದಿಯ ಎರಡು ಕಮಾನುಗಳ ಒಂದು ಮಾದರಿಯೂ ಇದೆ. ಕಮಲಾಪುರದ ಮಕ್ಕಳಿಗೆ ಬಸ್ಸಿನ ಹೊತ್ತಾಗುವುದರಿಂದ ಅವರು ಮೊದಲು ಬರಲಿ.