ಉಸಾಮಾರ ಕೈಗೆ ಕೊಟ್ಟ ಹೊಣೆ

(ಜುಮಾ ಖುತ್ಬಾದ ಸಾರಾಂಶ)



ಕಾಲೇಜಿಗೆ ಹೊರಟ ಮಗನಿಗೆ ನಾವು ಹೇಳುವ ಮಾತು ಹೆಚ್ಚಾಗಿ ಒಂದೇ: ಯಾವುದಕ್ಕೂ ಮುಂದೆ ನಿಲ್ಲಬೇಡ, ಓದಿ ಬಾ. ಮಗಳಿಗಾದರೆ ಅಷ್ಟನ್ನೂ ಹೇಳುವುದಿಲ್ಲ, ಕಣ್ಣಲ್ಲೇ ಮುಗಿಸುತ್ತೇವೆ. ಹೆತ್ತವರ ಭಯಕ್ಕೆ ಕಾರಣವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರು ವರ್ಷ ಯಾವ ಹೊಣೆಯನ್ನೂ ಹೊರದೆ ಪದವಿ ಪಡೆದವನು ನಾಳೆ ಜಮಾಅತನ್ನು ನಡೆಸುವುದು ಹೇಗೆ?

ಹಿಜರಿ 11ರಲ್ಲಿ, ತಮ್ಮ ಕೊನೆಯ ದಿನಗಳಲ್ಲಿ, ಪ್ರವಾದಿವರ್ಯರು(ಸ) ಸಿರಿಯಾದ ಕಡೆಗೆ ಹೊರಡಬೇಕಿದ್ದ ಸೇನೆಗೆ ಉಸಾಮಾ ಬಿನ್ ಝೈದ್(ರ)ರನ್ನು ನಾಯಕರನ್ನಾಗಿ ನೇಮಿಸಿದರು. ವಯಸ್ಸು 20ರ ಆಸುಪಾಸು. ಆ ಸೇನೆಯಲ್ಲಿ ಉಮರ್(ರ)ರಂತಹ ಹಿರಿಯರಿದ್ದರು. ಈ ಹುಡುಗನ ಕೈಕೆಳಗೆ ಇವರೆಲ್ಲರೇ ಎಂದು ಕೆಲವರು ಗೊಣಗಿದರು. ಪ್ರವಾದಿವರ್ಯರು(ಸ) ಕಾಯಿಲೆಯಲ್ಲೇ ಮಿಂಬರ್ ಏರಿ, ಉಸಾಮಾ ಆ ಹೊಣೆಗೆ ಅರ್ಹರೆಂದು ಹೇಳಿದರು. ಅವರ ವಫಾತಿನ ಬಳಿಕ ಖಲೀಫರಾದ ಅಬೂಬಕರ್(ರ) ಸೇನೆಯನ್ನು ಬೀಳ್ಕೊಡಲು ಬಂದರು. ಉಸಾಮಾ ಸವಾರಿಯ ಮೇಲೆ, ಖಲೀಫರು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ. ನೀವು ಏರಿ, ಇಲ್ಲವೇ ನಾನು ಇಳಿಯುತ್ತೇನೆ ಎಂದರೂ ಒಪ್ಪಲಿಲ್ಲ. ಉಮರ್(ರ)ರನ್ನು ಮದೀನಾದಲ್ಲೇ ತಮ್ಮ ನೆರವಿಗೆ ಉಳಿಸಿಕೊಳ್ಳಬೇಕಿತ್ತು. ಆಜ್ಞೆ ಮಾಡಬಹುದಿತ್ತು. ಆ ಯುವಕನ ಅನುಮತಿ ಕೇಳಿದರು! ಕುರ್ಚಿ ಜೋಡಿಸಲು ಮಾತ್ರ ಹುಡುಗರನ್ನು ಕರೆಯುವ ನಮ್ಮ ಕಮಿಟಿಗಳವರು ಇದನ್ನು ಗಮನವಿಟ್ಟು ಕೇಳಬೇಕು.

ಕಾಲೇಜಿನ ನಾಯಕತ್ವವೆಂದರೆ ಘೋಷಣೆ, ಬ್ಯಾನರ್ ಎಂದುಕೊಂಡವರಿದ್ದಾರೆ. 1969ರಿಂದ ನಡೆಯುತ್ತಿರುವ ಎನ್ನೆಸ್ಸೆಸ್ ಇದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಅಲ್ಲಿ ಚರಂಡಿ ತೋಡಬೇಕು, ಅಡುಗೆಗೆ ಕೈ ಹಾಕಬೇಕು, ಖರ್ಚಿನ ಲೆಕ್ಕ ಬರೆಯಬೇಕು, ಎಲ್ಲ ಧರ್ಮದ ಮಕ್ಕಳ ಜೊತೆ ಕುಳಿತು ಉಣ್ಣಬೇಕು. ಯುಜಿಸಿಯ 2009ರ ನಿಯಮದ ಪ್ರಕಾರ ರ‍್ಯಾಗಿಂಗ್ ತಡೆ ಸಮಿತಿಯಲ್ಲಿ ಹೊಸ ವಿದ್ಯಾರ್ಥಿಗಳಿಗೂ ಹಿರಿಯ ವಿದ್ಯಾರ್ಥಿಗಳಿಗೂ ಸ್ಥಾನವಿದೆ. ಇನ್ನು ಓದು ಕೆಡುತ್ತದೆ ಎನ್ನುವವರಿಗೆ ಒಂದು ಮಾತು: ವಿದ್ಯಾರ್ಥಿ ಚುನಾವಣೆಗಳ ಬಗ್ಗೆ 2006ರಲ್ಲಿ ವರದಿ ಕೊಟ್ಟ ಲಿಂಗ್ಡೋ ಸಮಿತಿ, ಅಭ್ಯರ್ಥಿಗೆ ಶೇಕಡಾ 75 ಹಾಜರಾತಿ ಇರಬೇಕೆಂದಿದೆ, ಖರ್ಚು 5,000 ರೂಪಾಯಿ ಮೀರಬಾರದೆಂದಿದೆ.

ಇವೆಲ್ಲಕ್ಕಿಂತ ಚಿಕ್ಕದು ತರಗತಿ ಪ್ರತಿನಿಧಿಯ ಕೆಲಸ. ನನ್ನ ಕಣ್ಣಿಗೆ ಅದೇ ದೊಡ್ಡದು. ವಿದ್ಯಾರ್ಥಿವೇತನದ ಕೊನೆಯ ದಿನಾಂಕವನ್ನು ತನ್ನ ಗೆಳೆಯರಿಗಷ್ಟೇ ಹೇಳಿ ಸುಮ್ಮನಾಗುವ ಪ್ರತಿನಿಧಿಯಿಂದ ಹಿಂದಿನ ಬೆಂಚಿನ ಬಡ ಹುಡುಗಿಯೊಬ್ಬಳ ಓದೇ ನಿಂತುಹೋಗಬಹುದು. ಅವಳು ಯಾವ ಧರ್ಮದವಳು ಎಂಬ ಪ್ರಶ್ನೆ ಅಲ್ಲಿ ಏಳಲೇಬಾರದು. ಹೊಣೆ ಅಮಾನತ್ತು, ನಾಳೆ ಅಲ್ಲಾಹನ ಮುಂದೆ ಅದರ ಲೆಕ್ಕ ಕೊಡಬೇಕು.

ಈ ಭಾನುವಾರ ಅಸರ್ ಬಳಿಕ ನಮ್ಮ ಕಾಲೇಜು ಮಕ್ಕಳು ಮದ್ರಸದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಲು ಕೂರುತ್ತಾರೆ. ಹಿರಿಯರು ಬಂದು ಸಲಹೆ ಕೊಡುವ ಅಗತ್ಯವಿಲ್ಲ. ನೆರೆಮನೆಯ ಮಕ್ಕಳನ್ನು ಕಳುಹಿಸಿಕೊಡಿ, ಅಷ್ಟು ಸಾಕು.